ಮುತ್ಯಾನ ಪಿಂಚಣಿಗೆ ಏಳು ತಿಂಗಳು

ಬೀದಿಯಲ್ಲಿ ಮಲಗುತ್ತಿದ್ದ ಒಬ್ಬ ಅಜ್ಜನನ್ನು ನಾವು ಮುತ್ಯಾ ಅಂತ ಕರೆಯುತ್ತೇವೆ. ಹೋದ ವಾರ ಆ ಮುತ್ಯಾನ ಖಾತೆಗೆ ಮೊದಲ ಸಲ ಪಿಂಚಣಿ ಜಮಾ ಆಯಿತು. 800 ರೂಪಾಯಿ. ಪಾಸ್‌ಬುಕ್‌ನಲ್ಲಿ ಆ ಸಾಲು ಅಚ್ಚಾಗಿ ಬಂದಾಗ ಕೌಂಟರ್ ಮುಂದೆ ನಿಂತೇ ಎರಡು ಸಲ ಓದಿದೆ. ಇಷ್ಟಕ್ಕೆ ಏಳು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ನಮಗೆ ಗೊತ್ತಿರಲಿಲ್ಲ ಅನ್ನುವ ಕಾರಣಕ್ಕೇ ಹಾಳಾಯಿತು. ಬೀದಿಯಲ್ಲಿ ಮಲಗುವ ಯಾರಿಗಾದರೂ ನೆಲೆ, ಕಾಗದಪತ್ರ ಮಾಡಿಸಿಕೊಡಬೇಕು ಅಂತ ಹೊರಟವರಿಗೆ ಆ ಮೂರು ತಿಂಗಳಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ. ಮುತ್ಯಾನ ಹೆಸರು ಮಾತ್ರ ಬರೆಯಲ್ಲ. ಕೇಳಿದ್ದಕ್ಕೆ ಅವರು, "ನನ್ನ ಕತಿ ಹೇಳವ್ವಾ, ಹೆಸರು ಬ್ಯಾಡ" ಅಂದರು.

ನಾನು ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ನಮ್ಮ ಓಣಿಯ ಆರು ಮನೆಯವರು ಸೇರಿ ಎರಡು ವರ್ಷದಿಂದ ಭಾನುವಾರ ಸಂಜೆ ರೊಟ್ಟಿ ಹಂಚುತ್ತೇವೆ. ಮನೆಗೆ ಹತ್ತು ಜೋಳದ ರೊಟ್ಟಿ, ಒಬ್ಬರ ಮನೆಯಿಂದ ಪುಂಡಿ ಪಲ್ಯ, ಇನ್ನೊಬ್ಬರ ಮನೆಯಿಂದ ಶೇಂಗಾ ಹಿಂಡಿ. ರೈಲ್ವೆ ಸ್ಟೇಷನ್ ಹತ್ತಿರ ಶುರು ಮಾಡಿ ಸೂಪರ್ ಮಾರ್ಕೆಟ್ ಅನ್ನುವ ಪೇಟೆಯವರೆಗೆ ಹೋಗುತ್ತೇವೆ. ನಮ್ಮೂರಲ್ಲಿ ಅನ್ನ ಹಾಕುವವರಿಗೆ ಕೊರತೆ ಇಲ್ಲ. ಶರಣಬಸವೇಶ್ವರ ಗುಡಿಯಲ್ಲಿ ದಾಸೋಹ ನಡೆಯುತ್ತದೆ. ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ನಾಷ್ಟಾ, 10 ರೂಪಾಯಿಗೆ ಊಟ. ಹಬ್ಬ, ಉರುಸು ಬಂದರೆ ಹಂಚುವವರ ಸಾಲೇ ಇರುತ್ತದೆ. ನಾವೂ ಆ ಸಾಲಿನಲ್ಲಿ ಒಬ್ಬರಾಗಿದ್ದೆವು, ಅಷ್ಟೇ.

2024ರ ಡಿಸೆಂಬರ್‌ನಲ್ಲಿ ಸೂಪರ್ ಮಾರ್ಕೆಟ್‌ನ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಮುತ್ಯಾ ಸಿಕ್ಕರು. ತೊಗರಿ ಚೀಲ ಹೊದ್ದು ಕೂತಿದ್ದರು. ನಾನು ಎರಡು ಖಟಕ ರೊಟ್ಟಿ ಕೊಟ್ಟು ಮುಂದೆ ಹೋದೆ. ವಾಪಸ್ ಬರುವಾಗ ನೋಡಿದರೆ ರೊಟ್ಟಿಯನ್ನು ಕೈಯಲ್ಲಿ ಪುಡಿ ಮಾಡಿ, ಸ್ಟೀಲ್ ಲೋಟದ ನೀರಲ್ಲಿ ನೆನೆಸಿ, ಬೆರಳಿನಿಂದ ತೆಗೆದು ತೆಗೆದು ತಿನ್ನುತ್ತಿದ್ದರು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಎರಡು ವರ್ಷದಿಂದ ಹಂಚುತ್ತಿದ್ದೇವೆ. ಯಾರಿಗೆ ಹಲ್ಲಿದೆ, ಯಾರಿಗಿಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಭಾನುವಾರ ಮೆತ್ತನೆ ರೊಟ್ಟಿ, ಬಿಸಿ ಬೇಳೆ ತಂದೆ. ಪಕ್ಕದಲ್ಲಿ ಕೂತು ಮೊದಲ ಸಲ ಮಾತಾಡಿದೆ. "ಮುತ್ಯಾ, ಏನ್ ಬೇಕು ನಿಮಗೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಯಾರೂ ಎಬ್ಬಸಬಾರ್ದು, ಅಂಥ ಜಾಗ ಇದ್ದರ ನೋಡು" ಅಂದರು.

ಹೀಗಾಗಿ ನಾವು ಮೊದಲು ಹುಡುಕಿದ್ದು ಮಲಗುವ ಜಾಗ. ನಗರದ ವಸತಿರಹಿತರಿಗೆ ಅಂತ ಆಶ್ರಯ ಕೇಂದ್ರಗಳಿವೆ. ಜನ ರಾತ್ರಿ ವಸತಿ ಕೇಂದ್ರ ಅಂತಾರೆ. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ಇಂಥ ಕೇಂದ್ರ ಇರಬೇಕು, ವರ್ಷದ ಎಲ್ಲ ದಿನ, ಹಗಲೂ ರಾತ್ರಿ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಾವು ಹೋದ ಕಡೆ ಬಾಗಿಲಲ್ಲೇ "ಆಧಾರ್ ಅದ ಏನ್ರಿ?" ಅಂತ ಕೇಳಿದರು. ಇಲ್ಲ ಅಂದೆವು. "ಹಂಗಾದ್ರ ಕಷ್ಟ" ಅಂದರು. ಅಲ್ಲಿಗೇ ವಾಪಸ್ ಬಂದೆವು. ಇದು ನಮ್ಮ ಮೊದಲ ತಪ್ಪು. ಕಾಗದ ಇಲ್ಲದವರಿಗೇ ಅಲ್ವಾ ಇಂಥ ಜಾಗ ಬೇಕಾಗಿರೋದು? ಒಂದು ವಾರದ ನಂತರ ನಮ್ಮ ಓಣಿಯ ವಕೀಲರೊಬ್ಬರನ್ನು ಕರೆದುಕೊಂಡು ಮತ್ತೆ ಹೋದೆವು. ಮೇಲಿನವರ ಜೊತೆ ಮಾತಾಡಿದೆವು. ಸೇರಿಸಿಕೊಂಡರು. ನಿಮಗೂ ಹೀಗೆ ಹೇಳಿದರೆ ಬಾಗಿಲಿಂದ ವಾಪಸ್ ಬರಬೇಡಿ. ಮಹಾನಗರ ಪಾಲಿಕೆಗೆ ಹೋಗಿ ಕೇಳಿ, ಒಂದು ಅರ್ಜಿ ಬರೆದು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಶ್ರಯ ಕೇಂದ್ರ ಬೇರೆ, ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ. ಎರಡನೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ ಬರುತ್ತದೆ. ಭಿಕ್ಷೆ ಬೇಡುವವರನ್ನು ಹಿಡಿದು ಕರೆದೊಯ್ಯುವುದು ಅಲ್ಲಿಗೆ. ಆಶ್ರಯ ಕೇಂದ್ರಕ್ಕೆ ಜನ ತಾವಾಗಿ ಬರುತ್ತಾರೆ, ಬೇಕೆಂದಾಗ ಹೋಗುತ್ತಾರೆ. ಬೀದಿಯಲ್ಲಿರುವ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿರಲ್ಲ. "ಕೇಂದ್ರ" ಅಂದ ತಕ್ಷಣ ಹೆದರುತ್ತಾರೆ. ಮುತ್ಯಾ ಕೂಡ "ಗಾಡ್ಯಾಗ ಹಾಕ್ಕೊಂಡ್ ಹೋಗ್ತಾರೇನ?" ಅಂತ ಮೂರು ಸಲ ಕೇಳಿದರು. ಮೊದಲೇ ಒಮ್ಮೆ ಕರೆದುಕೊಂಡು ಹೋಗಿ ಜಾಗ ತೋರಿಸಿ, ಚಹಾ ಕುಡಿಸಿ ವಾಪಸ್ ತಂದೆವು. ಆಮೇಲೆ ಒಪ್ಪಿದರು.

ಆದರೂ ಮೊದಲ ರಾತ್ರಿ ನಿಲ್ಲಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವಾಗ ನೋಡಿದರೆ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಇಷ್ಟು ಓಡಾಡಿದ್ದು ಇದಕ್ಕಾ ಅನ್ನಿಸಿತು. ಸಂಜೆ ಹೋಗಿ ಕೇಳಿದಾಗ ಗೊತ್ತಾಯಿತು, ಅವರ ಗಂಟು ಹೊಲಸಾಗಿದೆ ಅಂತ ಹೊರಗೆ ಇಡಿಸಿದ್ದರಂತೆ. ಆ ಗಂಟಿನಲ್ಲಿ ಒಂದು ಧೋತರ, ಬೀಡಿ ಕಟ್ಟು, ಅವರ ಹೆಂಡತಿಯ ಒಂದು ಹಸಿರು ಇಳಕಲ್ ಸೀರೆ. ಕಳುವಾದೀತು ಅಂತ ರಾತ್ರಿ ಮೂರು ಗಂಟೆಗೆ ಎದ್ದು, ಗಂಟು ತೆಗೆದುಕೊಂಡು ನಡೆದುಬಿಟ್ಟಿದ್ದರು. ಮುಂದಿನ ಭಾನುವಾರ ನಮ್ಮ ಮನೆಯ ಅಂಗಳದಲ್ಲಿ ಅವರೆದುರೇ ಎಲ್ಲವನ್ನೂ ಒಗೆದು ಒಣಗಿಸಿದೆವು. ಸೀರೆಯನ್ನು ಅವರು ನಮ್ಮ ಕೈಗೆ ಕೊಡಲಿಲ್ಲ, ತಾವೇ ಹಿಂಡಿ ಹಗ್ಗದ ಮೇಲೆ ಹರಡಿದರು. ಕೇಂದ್ರದವರ ಜೊತೆ ಮಾತಾಡಿ, ಒಗೆದ ಗಂಟು ತಲೆಯ ಕೆಳಗೇ ಇರಲಿ ಅಂತ ಒಪ್ಪಿಸಿದೆವು. ಆ ರಾತ್ರಿಯಿಂದ ಅಲ್ಲೇ ಇದ್ದಾರೆ. ಯಾರನ್ನಾದರೂ ಸೇರಿಸುವ ಮೊದಲು ಅವರ ಸಾಮಾನು ಏನಿದೆ, ಎಲ್ಲಿ ಇಡುತ್ತಾರೆ ಅಂತ ಕೇಳಿ. ಮಂಚ, ಹೊದಿಕೆಗಿಂತ ಇದು ಜಾಸ್ತಿ ಮುಖ್ಯ.

ಜನವರಿಯಲ್ಲಿ ಕಾಲಿನ ಗಾಯಕ್ಕೆ ಆಸ್ಪತ್ರೆ ಆಯಿತು. ಅದರ ಬಗ್ಗೆ ಜಾಸ್ತಿ ಹೇಳಲ್ಲ. ನಾಲ್ಕು ದಿನ ಇದ್ದರು, ವಾಸಿಯಾಯಿತು. ಹೇಳಬೇಕಾದ್ದು ಒಂದೇ. ವಾರ್ಡಿನಲ್ಲಿ "ಇವರ ಜೊತೆ ಯಾರು?" ಅಂತ ದಿನಕ್ಕೆ ಐದು ಸಲ ಕೇಳುತ್ತಾರೆ. ಯಾರೂ ಇಲ್ಲದಿದ್ದರೆ ರೋಗಿಯ ಹಾಸಿಗೆ ಹತ್ತಿರ ಬರುವವರೂ ಕಡಿಮೆ. ನಾವು ಆರು ಮನೆಯವರು ಪಾಳಿ ಹಾಕಿಕೊಂಡೆವು. ನಮ್ಮ ಮನೆಯವರು ರಾತ್ರಿ, ನಾನು ಶಾಲೆ ಬಿಟ್ಟ ಮೇಲೆ. ಅಲ್ಲಿ ಕೇಸ್ ಪೇಪರ್ ಬರೆಯುವಾಗಲೇ ಆಧಾರ್ ಇಲ್ಲದ ತೊಂದರೆ ಪೂರ್ತಿ ಅರ್ಥವಾಯಿತು. ಪಿಂಚಣಿ, ರೇಷನ್, ಆರೋಗ್ಯ ಕಾರ್ಡ್, ಎಲ್ಲದಕ್ಕೂ ಮೊದಲು ಅದೇ ಬೇಕು.

"ಆಧಾರ್ ಮಾಡಿಸಿದ್ದೀರಾ?" ಅಂತ ಕೇಳಿದೆವು. "ಇಲ್ಲ" ಅಂದರು. ನಾವು ನಂಬಿ ಹೊಸದಾಗಿ ಮಾಡಿಸಲು ಹೊರಟೆವು. ಮೂರು ತಿಂಗಳು ಹಾಳಾದದ್ದು ಇಲ್ಲೇ.

ಮನೆ, ದಾಖಲೆ ಏನೂ ಇಲ್ಲದವರಿಗೂ ಆಧಾರ್ ಸಿಗುತ್ತದೆ. ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐನದೇ ಒಂದು ಪ್ರಮಾಣಪತ್ರದ ನಮೂನೆ ಇದೆ. ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಅದನ್ನು ತುಂಬಿ ಸಹಿ ಮಾಡಿದರೆ ಅದೇ ಗುರುತಿಗೂ ವಿಳಾಸಕ್ಕೂ ದಾಖಲೆ. ಫೋಟೋ ಅಂಟಿಸಿ, ಸಹಿ ಮತ್ತು ಸೀಲು ಅರ್ಧ ಫೋಟೋ ಮೇಲೆ, ಅರ್ಧ ಕಾಗದದ ಮೇಲೆ ಬರುವಂತೆ ಹಾಕಬೇಕು. ಎಲ್ಲೂ ತಿದ್ದಿರಬಾರದು. ಸಹಿಯಾದ ದಿನದಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ನಮ್ಮ ಮೊದಲ ಪತ್ರದಲ್ಲಿ ಪಿನ್‌ಕೋಡ್‌ನ ಒಂದು ಅಂಕಿ ತಿದ್ದಿದ್ದಕ್ಕೆ ತಿರಸ್ಕಾರ. ಎರಡನೆಯದರಲ್ಲಿ ಸೀಲು ಫೋಟೋಗೆ ತಾಗಿರಲಿಲ್ಲ. ಮೂರನೆಯದು ಒಪ್ಪಿಗೆಯಾಯಿತು. ಖಾಲಿ ನಮೂನೆಯ ನಾಲ್ಕೈದು ಪ್ರತಿ ಇಟ್ಟುಕೊಂಡೇ ಹೋಗಿ. 18 ದಾಟಿದವರ ಹೊಸ ನೋಂದಣಿ ಎಲ್ಲ ಕೇಂದ್ರಗಳಲ್ಲೂ ಮಾಡಲ್ಲ, ಅದನ್ನೂ ಮೊದಲೇ ವಿಚಾರಿಸಿ. ಹೊಸ ನೋಂದಣಿಗೆ ದುಡ್ಡು ಕೊಡಬೇಕಾಗಿಲ್ಲ, ಅದು ಉಚಿತ.

ಫೆಬ್ರವರಿಯಲ್ಲಿ ಬೆರಳಚ್ಚು ಕೊಡಲು ಕೂತರು. ಮೆಷಿನ್ ಒಂದೂ ಬೆರಳನ್ನು ಒಪ್ಪಲಿಲ್ಲ. ಆಪರೇಟರ್ ಹುಡುಗ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದ, ಒಣಗಿಸಿ ನೋಡಿದ, ತಾನೇ ಬೆರಳು ಹಿಡಿದು ಒತ್ತಿ ನೋಡಿದ. ಆಗ ನಾನು ಮುತ್ಯಾನ ಕೈ ಹತ್ತಿರದಿಂದ ನೋಡಿದೆ. ಅಂಗೈ ತುಂಬ ಬಿರುಕು, ಬೆರಳ ತುದಿ ಮಾತ್ರ ಪೂರಾ ನುಣುಪು. ಒಂದು ಗೆರೆಯೂ ಇಲ್ಲ. ಮೂವತ್ತು ವರ್ಷ ಶಹಾಬಾದ್ ಕಡೆ ಪರಸಿ ಕಲ್ಲಿನ ಕೆಲಸ. ಗಣಿಯಲ್ಲಿ ಕಲ್ಲು ಎತ್ತುವುದು, ಆಮೇಲೆ ಪಾಲಿಶ್ ಮೆಷಿನ್ ಮುಂದೆ ನಿಲ್ಲುವುದು. ನಮ್ಮ ಮನೆಯ ನೆಲವೂ ಅದೇ ಪರಸಿ. ಕೊನೆಗೆ ಕಣ್ಣಿನ ಸ್ಕ್ಯಾನ್. ಬಲಗಣ್ಣಿಗೆ ಪೊರೆ ಬಂದಿತ್ತು, ಹಿಡಿಯಲಿಲ್ಲ. ಎಡಗಣ್ಣು ಹಿಡಿಯಿತು. ಆ ಹುಡುಗ ನಲವತ್ತು ನಿಮಿಷ ಬೇಸರ ಮಾಡಿಕೊಳ್ಳದೆ ಪ್ರಯತ್ನಿಸಿದ, ಅವನ ಉಪಕಾರ ನೆನೆಯಲೇಬೇಕು.

ದೊಡ್ಡವರ ಹೊಸ ಆಧಾರ್ ಪರಿಶೀಲನೆಗೆ 180 ದಿನದವರೆಗೂ ಹಿಡಿಯಬಹುದು ಅಂದರು. ಕೊಟ್ಟ ಸ್ಲಿಪ್ ಅನ್ನು ಜೋಪಾನ ಮಾಡಿ. ಅದರಲ್ಲಿ 14 ಅಂಕಿಯ ನೋಂದಣಿ ಸಂಖ್ಯೆ, ತಾರೀಖು, ಸಮಯ ಇರುತ್ತದೆ. 1947ಕ್ಕೆ ಫೋನ್ ಮಾಡಿದರೆ ಎಲ್ಲಿಗೆ ಬಂತು ಅಂತ ಹೇಳುತ್ತಾರೆ, ಕನ್ನಡದಲ್ಲೂ ಮಾತಾಡಬಹುದು. ನಾನು ವಾರಕ್ಕೊಮ್ಮೆ ಮಾಡುತ್ತಿದ್ದೆ. ಹೋಳಿ ಮುಗಿಯಿತು, ಶರಣಬಸಪ್ಪನ ಜಾತ್ರೆ ಮುಗಿಯಿತು. ಮಾರ್ಚ್ ಕೊನೆಗೆ ಉತ್ತರ ಬಂತು. ತಿರಸ್ಕೃತ. ಕಾರಣ, ನಕಲು.

ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಎಲ್ಲ ಮುಗಿಯಿತು, ನಾವೇ ಏನೋ ತಪ್ಪು ಮಾಡಿಬಿಟ್ಟೆವು ಅಂದುಕೊಂಡೆ. ಎರಡು ದಿನ ಮುತ್ಯಾಗೆ ಹೇಳಲೂ ಇಲ್ಲ. ಮೂರನೇ ದಿನ ನಮ್ಮ ಹೆಡ್‌ಮಿಸ್ ಒಂದು ಮಾತು ಹೇಳಿದರು, "ನಕಲು ಅಂದ್ರ ಅಸಲು ಎಲ್ಲೋ ಅದ ಅಂತಲ್ಲ?" ಹೌದಲ್ವಾ! ಮುತ್ಯಾನ ಆಧಾರ್ ಮೊದಲೇ ಆಗಿತ್ತು. ಯಾವಾಗಲೋ ಕ್ಯಾಂಪ್‌ನಲ್ಲಿ ಫೋಟೋ ತೆಗೆಸಿಕೊಂಡಿದ್ದರು. ಕಾರ್ಡ್ ಕೈಗೇ ಬಂದಿರಲಿಲ್ಲ. ಅದಕ್ಕೇ "ಇಲ್ಲ" ಅಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ನಾವು ಪ್ರಶ್ನೆ ಸರಿಯಾಗಿ ಕೇಳಿರಲಿಲ್ಲ. "ಕಾರ್ಡ್ ಇದೆಯಾ" ಅಂತ ಕೇಳಬೇಡಿ. "ಯಾವಾಗಾದರೂ ಕಣ್ಣಿಗೆ ಮೆಷಿನ್ ಹಿಡಿದಿದ್ದರಾ, ಹತ್ತೂ ಬೆರಳು ಒತ್ತಿಸಿಕೊಂಡಿದ್ದರಾ" ಅಂತ ಕೇಳಿ. ಹೌದು ಅಂದರೆ ಹೊಸ ನೋಂದಣಿಗೆ ಹೋಗಲೇಬೇಡಿ, ಹಳೆಯದನ್ನು ಹುಡುಕಿಸಿ.

ಹುಡುಕಿಸುವುದು ಆಧಾರ್ ಕೇಂದ್ರದಲ್ಲೇ. ಹೆಸರು, ಗಂಡು ಹೆಣ್ಣು, ಜಿಲ್ಲೆ ಅಥವಾ ಪಿನ್‌ಕೋಡ್ ಹೇಳಿ ಒಂದು ಬೆರಳು ಅಥವಾ ಕಣ್ಣು ಕೊಟ್ಟರೆ ಹಳೆಯ ದಾಖಲೆ ಸಿಗಬಹುದು. ಪ್ರಿಂಟ್‌ಗೆ ಆಗ 30 ರೂಪಾಯಿ. ಆದರೆ ಹೆಸರು ಅಲ್ಲಿರುವ ಹಾಗೇ ಹೇಳಬೇಕು. ಮುತ್ಯಾ ಹೇಳಿದ ಹೆಸರಿಗೆ ಏನೂ ಸಿಗಲಿಲ್ಲ. ಅಪ್ಪನ ಹೆಸರು ಸೇರಿಸಿದೆವು, ಇಲ್ಲ. ಅಡ್ಡಹೆಸರು ಸೇರಿಸಿದೆವು, ಇಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. ಆಗ ನನಗೆ ಹೊಳೆದು ಕೇಳಿದೆ, "ಮುತ್ಯಾ, ಗಣಿಯಾಗ ಪಗಾರ ಕೊಡೋವಾಗ ಮುಕಾದಮ ಏನಂತ ಕೂಗ್ತಿದ್ದ?" ಮುತ್ಯಾ ತಟ್ಟನೆ ಬೇರೆಯೇ ಒಂದು ಹೆಸರು ಹೇಳಿದರು. ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಹಾಜರಿ ಪುಸ್ತಕದ ಹೆಸರೇ ಬೇರೆ. ಹುಡುಗ ಆ ಹೆಸರು ಹಾಕಿದ. ಎಡಗಣ್ಣು ತೋರಿಸಿದರು.

ಪ್ರಿಂಟರ್‌ನಿಂದ ಕಾಗದ ಹೊರಬರುವಾಗ ಮೊದಲು ಕಂಡದ್ದು ಫೋಟೋ. ತಲೆ ತುಂಬ ಕೂದಲು, ದಪ್ಪ ಮೀಸೆ. ಮುತ್ಯಾ ಆ ಕಾಗದವನ್ನು ಎಡಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಮೇಲ್ದುಟಿಯ ಮೇಲೆ ಬೆರಳಾಡಿಸಿಕೊಂಡು, "ಆಗ ಆಕಿ ಇದ್ದಳು" ಅಂದರು. ಅಷ್ಟೇ ಮಾತು.

ಕಾರ್ಡಿನಲ್ಲಿ ಹುಟ್ಟಿದ ದಿನ 01-01-1962. ಅವರನ್ನು ನೋಡಿದವರು ಯಾರೂ 75ಕ್ಕೆ ಕಡಿಮೆ ಹೇಳಲ್ಲ. ಕ್ಯಾಂಪ್‌ನಲ್ಲಿ ಬರೆದುಕೊಂಡವರು ಅಂದಾಜಿನಲ್ಲಿ ಹಾಕಿದ್ದಾರೆ. ಇದರಿಂದ ನಷ್ಟವಿದೆ. 65 ತುಂಬಿದ್ದರೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1200 ರೂಪಾಯಿ, 60ರಿಂದ 64ರವರಿಗೆ ವೃದ್ಧಾಪ್ಯ ವೇತನ 800. ವಯಸ್ಸು ತಿದ್ದಿಸಲು ದಾಖಲೆ ಬೇಕು, ಶಾಲೆಯ ಮೆಟ್ಟಿಲು ಹತ್ತದವರ ಹತ್ತಿರ ಅದು ಎಲ್ಲಿಂದ ಬರಬೇಕು? ಈಗ ಸಿಗುವುದನ್ನು ಮೊದಲು ಶುರು ಮಾಡಿಸೋಣ ಅಂತ ನಿರ್ಧರಿಸಿದೆವು. ನನಗೆ ಇದು ಇನ್ನೂ ಕೊರೆಯುತ್ತದೆ.

ಕಾರ್ಡಿನಲ್ಲಿ ಊರಿನ ವಿಳಾಸವೂ ಇತ್ತು. ಇಲ್ಲಿ ನಾವು ಅವಸರ ಮಾಡಲಿಲ್ಲ. ಊರಿಗೆ ಫೋನ್ ಮಾಡಿ "ನಿಮ್ಮವರು ಸಿಕ್ಕಿದ್ದಾರೆ" ಅಂತ ಹೇಳುವುದು ಸುಲಭ. ಆದರೆ ಅವರು ಯಾಕೆ ಬಿಟ್ಟು ಬಂದರೋ, ಯಾರಿಗೆ ಗೊತ್ತು? ಅವರನ್ನೇ ಕೇಳಿದೆವು. ಎರಡು ದಿನ ಯೋಚನೆ ಮಾಡಿ "ಒಮ್ಮಿ ನೋಡ್ಕೊಂಡ್ ಬರೋಣ" ಅಂದರು. ಬಸ್ಸಿನಲ್ಲಿ ಹೋದೆವು. ಮನೆಯ ಗೋಡೆ ಬಿದ್ದಿತ್ತು. ಅಕ್ಕನ ಮಗ ಇದ್ದ, ಊಟಕ್ಕೆ ಹಾಕಿದ. ಹಳೆಯ ರೇಷನ್ ಕಾರ್ಡಿನ ಪ್ರತಿ ಹುಡುಕಿ ಕೊಟ್ಟ, ಅದರಲ್ಲಿ ಇವರ ಹೆಸರಿತ್ತು. ಮಗನ ವಿಷಯ ಬಂದಾಗ ಮುತ್ಯಾ ಎದ್ದು ಹೊರಗೆ ಹೋದರು. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಉಪವಿಭಾಗಾಧಿಕಾರಿ ಹತ್ತಿರ ಜೀವನಾಂಶ ಕೇಳಬಹುದು ಅಂತ ನಮ್ಮ ವಕೀಲರು ಹೇಳಿದರು. ಮುತ್ಯಾ ಬೇಡ ಅಂದರು. ನಾವು ಮತ್ತೆ ಆ ಮಾತು ಎತ್ತಲಿಲ್ಲ. ಸಂಜೆ ಬಸ್ಸಿಗೆ ಅವರೂ ನಮ್ಮ ಜೊತೆ ವಾಪಸ್ ಬಂದರು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ಮಾತ್ರ. ಬಿಸಿಲಿಗೆ ಹೀಗೆ ಮಾಡುತ್ತಾರೆ. ಗೊತ್ತಿದ್ದೂ ಮರೆತು ಮುತ್ಯಾನನ್ನು ಒಂದು ದಿನ ಎರಡು ಗಂಟೆಗೆ ಆಟೋದಲ್ಲಿ ಕರೆದುಕೊಂಡು ಹೋದೆ. ಬಾಗಿಲು ಹಾಕಿತ್ತು. ಆ ಬಿಸಿಲಲ್ಲಿ ಅವರು ಬೇವಿನ ಗಿಡದ ಕೆಳಗೆ ಕೂತು ಏದುಸಿರು ಬಿಡುವುದನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಬೇಸಿಗೆಯಲ್ಲಿ ಏಳೂವರೆಗೇ ಹೊರಡಿ, ಮಜ್ಜಿಗೆ ಬಾಟಲಿ ಜೊತೆಗಿರಲಿ.

ಮೇನಲ್ಲಿ ಆಧಾರ್ ವಿಳಾಸವನ್ನು ಆಶ್ರಯ ಕೇಂದ್ರಕ್ಕೆ ಬದಲಾಯಿಸಿದೆವು. ಮತ್ತೆ ಅದೇ ಪ್ರಮಾಣಪತ್ರ, ಆಗ 50 ರೂಪಾಯಿ. ವಿಳಾಸ, ಮೊಬೈಲ್ ನಂಬರ್ ಎರಡನ್ನೂ ಒಂದೇ ಸಲ ಮಾಡಿಸಿದರೆ ಶುಲ್ಕವೂ ಒಂದೇ. ನಂಬರ್ ನನ್ನದು ಕೊಟ್ಟೆ. ಅವರ ದುಡ್ಡಿನ ಒಟಿಪಿ ನನ್ನ ಫೋನಿಗೆ ಬರುವುದು ನನಗೆ ಸರಿ ಕಾಣಲ್ಲ. ಅವರದೇ ಒಂದು ಫೋನ್ ಆದ ಮೇಲೆ ಬದಲಾಯಿಸಬೇಕು.

ಖಾತೆಯದೇ ಇನ್ನೊಂದು ಕತೆ. ಒಂದು ಬ್ಯಾಂಕಿನವರು ಆಶ್ರಯ ಕೇಂದ್ರದ ವಿಳಾಸ ನಡೆಯಲ್ಲ ಅಂದರು. ಆಧಾರ್‌ನಲ್ಲೇ ಆ ವಿಳಾಸ ಇದೆಯಲ್ಲ ಅಂದರೂ ಕೇಳಲಿಲ್ಲ. ಇನ್ನೊಂದು ಕಡೆ ಜನಧನ್ ಖಾತೆ ಮಾಡಿಕೊಟ್ಟರು, ಬೆರಳಿನ ಮೆಷಿನ್ ಕೈಕೊಟ್ಟಿದ್ದಕ್ಕೆ ಕಾಗದದ ಅರ್ಜಿಗೇ ಹೆಬ್ಬೆಟ್ಟು ಒತ್ತಿಸಿಕೊಂಡರು. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂದ ಮಾತ್ರಕ್ಕೆ ಪಿಂಚಣಿ ಬರಲ್ಲ, ಎನ್‌ಪಿಸಿಐ ಮ್ಯಾಪಿಂಗ್ ಕೂಡ ಆಗಿರಬೇಕು, ಅಂದರೆ ಆ ಆಧಾರ್‌ಗೆ ಬರುವ ಸರ್ಕಾರದ ದುಡ್ಡು ಈ ಖಾತೆಗೇ ಹೋಗಲಿ ಅನ್ನುವ ಜೋಡಣೆ. ಗೃಹಲಕ್ಷ್ಮಿ ದುಡ್ಡಿಗೆ ಓಡಾಡಿದ ಹೆಣ್ಣುಮಕ್ಕಳಿಗೆಲ್ಲ ಇದು ಬಾಯಿಪಾಠ. ಅದಕ್ಕೇ ಪ್ರತ್ಯೇಕ ಅರ್ಜಿ ಕೇಳಿ ಕೊಟ್ಟು ಬನ್ನಿ. ಬೆರಳು ಸವೆದವರಿಗೆ ಪಾಸ್‌ಬುಕ್ ಬೇಕೇ ಬೇಕು. ಊರಲ್ಲಿ ಬೆರಳಿಟ್ಟು ದುಡ್ಡು ಕೊಡುವ ಮೆಷಿನ್ ಅವರಿಗೆ ಕೆಲಸ ಮಾಡಲ್ಲ.

ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿ ಕೊಟ್ಟದ್ದು ಮೇ ಕೊನೆಗೆ. ಸ್ಥಳ ಪರಿಶೀಲನೆಗೆ ಬಂದ ದಿನ ಮುತ್ಯಾ ಅಪ್ಪನ ಕೆರೆ ಕಡೆ ಅಡ್ಡಾಡಲು ಹೋಗಿದ್ದರು. "ಅರ್ಜಿದಾರರು ಸ್ಥಳದಲ್ಲಿ ಇಲ್ಲ" ಅಂತ ಬರೆದುಕೊಂಡು ಹೋದರು. ಮತ್ತೆ ಮನವಿ, ಮತ್ತೆ ಕಾಯುವುದು, ಮೂರು ವಾರ. ಅರ್ಜಿ ಕೊಡುವಾಗಲೇ "ಬರುವ ಮುಂಚೆ ಫೋನ್ ಮಾಡಿ" ಅಂತ ನಂಬರ್ ಬರೆದು ಕೊಡಿ. ಕೇಂದ್ರದ ಮೇಲ್ವಿಚಾರಕರಿಗೂ ಹೇಳಿಡಿ. ಜೂನ್ ಕೊನೆಗೆ ಮಂಜೂರಾತಿ ಆದೇಶ ಕೈಗೆ ಬಂತು.

ಖರ್ಚು ಎಷ್ಟಾಯಿತು ಅಂತ ಹಲವರು ಕೇಳಿದರು. ಎಲ್ಲ ಸೇರಿ ಸುಮಾರು 3,400 ರೂಪಾಯಿ. ಅದರಲ್ಲಿ ಸರ್ಕಾರಿ ಶುಲ್ಕ ನೂರರ ಹತ್ತಿರ ಅಷ್ಟೇ. ಜಾಸ್ತಿ ಹೋದದ್ದು ಆಟೋಗೆ, ಆಮೇಲೆ ಝೆರಾಕ್ಸ್, ಫೋಟೋ, ಆಸ್ಪತ್ರೆಯ ಹೊರಗಿನ ಔಷಧಿ. ಆರು ಮನೆಗೆ ಹಂಚಿಕೊಂಡಾಗ ಭಾರ ಅನ್ನಿಸಲಿಲ್ಲ. ಭಾರವಾದದ್ದು ರಜೆ. ನನ್ನ ಒಂಬತ್ತು ರಜೆ ಹೋದವು. ಒಬ್ಬರೇ ಹೊರಡಬೇಡಿ ಅನ್ನೋದು ಇದಕ್ಕೇ. ರೊಟ್ಟಿ ಹಂಚಲು ಹತ್ತು ಜನ ಬರುತ್ತಾರೆ, ಮಂಗಳವಾರ ಬೆಳಿಗ್ಗೆ ಸಾಲಿನಲ್ಲಿ ನಿಲ್ಲಲು ಒಬ್ಬರು ಸಿಗುವುದೂ ಕಷ್ಟ. ಯಾರಿಗೂ ಬಿಡುವಿಲ್ಲದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ಕೇಳಿ.

ಮೊದಲ ಪಿಂಚಣಿಯಲ್ಲಿ ಮುತ್ಯಾ 300 ರೂಪಾಯಿ ತೆಗೆದರು. ಚೀಟಿ ಮೇಲೆ ತಾವೇ ಹೆಬ್ಬೆಟ್ಟು ಒತ್ತಿದರು. ನೀಲಿ ಶಾಯಿಯಲ್ಲಿ ಬಿದ್ದ ಗುರುತಿನಲ್ಲಿ ಗೆರೆ ಇರಲಿಲ್ಲ, ಬರೀ ಒಂದು ಉದ್ದನೆ ಮಚ್ಚೆ. ಕ್ಯಾಷಿಯರ್ ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಿಸಿಕೊಂಡು ದುಡ್ಡು ಕೊಟ್ಟರು. ಮುತ್ಯಾ ನೋಟುಗಳನ್ನು ಎಣಿಸದೆ ಸೀರೆಯ ಮಡಿಕೆಯೊಳಗೆ ಇಟ್ಟು, ಗಂಟು ಬಿಗಿದರು.

ಬುಧವಾರ ಬಲಗಣ್ಣಿನ ಪೊರೆ ತೋರಿಸಲು ಹೋಗಬೇಕು. ಈ ಸಲ ಕೇಸ್ ಪೇಪರ್‌ನಲ್ಲಿ ಬರೆಸಲು ಹೆಸರಿದೆ, ನಂಬರ್ ಇದೆ. ಬೆಳಿಗ್ಗೆ ಎಂಟಕ್ಕೆ ಬರಲು ಆಟೋದವನಿಗೆ ಹೇಳಿದ್ದೇನೆ.